ಯೂರಿಯಾದ ಲೆಕ್ಕ: ಚೀಲದಿಂದ ಕಾಳಿನವರೆಗೆ

2025ರ ಮುಂಗಾರಿನಲ್ಲಿ ಕರ್ನಾಟಕದ ಹಲವು ಜಿಲ್ಲೆಗಳ ರೈತರು ಯೂರಿಯಾಕ್ಕಾಗಿ ಸೊಸೈಟಿಗಳ ಮುಂದೆ ಸಾಲು ನಿಂತರು. ಮಳೆ ಬೇಗ ಬಂದಿತ್ತು, ಮೆಕ್ಕೆಜೋಳದ ಬಿತ್ತನೆ ಹೆಚ್ಚಿತ್ತು, ಹೊರದೇಶದ ಸರಕು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹಾಗೆ ಕಾದು ತಂದ 45 ಕಿಲೋ ಚೀಲದಲ್ಲಿ ಸಾರಜನಕ ಇರುವುದು ಸುಮಾರು 20.7 ಕಿಲೋ ಮಾತ್ರ. ಅದನ್ನು ಭತ್ತದ ಗದ್ದೆಗೆ ಎರಚಿದರೆ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಮೂರನೇ ಒಂದು ಪಾಲು. ಒಳ್ಳೆಯ ನಿರ್ವಹಣೆಯಿದ್ದರೆ ಇನ್ನೊಂದಿಷ್ಟು ಹೆಚ್ಚು. ಮಿಕ್ಕಿದ್ದು ಗಾಳಿಗೆ, ಹಳ್ಳಕ್ಕೆ, ಅಂತರ್ಜಲಕ್ಕೆ ಹೋಗುತ್ತದೆ. ಸ್ವಲ್ಪ ಭಾಗ ಮಣ್ಣಿನಲ್ಲಿ ಉಳಿಯುತ್ತದೆ. ಇಷ್ಟು ಪೋಲಾಗುವ ವಸ್ತುವಿಗೆ ದೇಶ ಪ್ರತಿವರ್ಷ ದೊಡ್ಡ ಮೊತ್ತದ ಸಬ್ಸಿಡಿ ಕೊಡುತ್ತಿದೆ, ಪ್ರಪಂಚ ಅಪಾರ ನೈಸರ್ಗಿಕ ಅನಿಲವನ್ನು ಉರಿಸುತ್ತಿದೆ. ಪೋಲು ಕಡಿಮೆ ಮಾಡುವ ಗೊಬ್ಬರವನ್ನು ರಸಾಯನಶಾಸ್ತ್ರ ಕೊಡಬಲ್ಲದೆ ಎಂಬ ಪ್ರಶ್ನೆಗೆ ಅರ್ಧ ಶತಮಾನದಿಂದ ಹಲವು ಉತ್ತರಗಳು ಬಂದಿವೆ. ಅವು ಒಂದನ್ನೊಂದು ಒಪ್ಪುವುದಿಲ್ಲ.

ಹಸಿರು ರಸಾಯನಶಾಸ್ತ್ರಕ್ಕೆ ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ 12 ಸೂತ್ರಗಳನ್ನು ಕಟ್ಟಿಕೊಟ್ಟರು. ಕಸವಾದ ಮೇಲೆ ಶುದ್ಧ ಮಾಡುವುದಕ್ಕಿಂತ ಕಸವೇ ಆಗದಂತೆ ನೋಡಿಕೊಳ್ಳಬೇಕು ಎಂಬುದು ಅವುಗಳಲ್ಲಿ ಮೊದಲನೆಯದು. ಅದಕ್ಕೂ ಮುಂಚೆ, 1991ರಲ್ಲಿ, ಬ್ಯಾರಿ ಟ್ರಾಸ್ಟ್ ಒಂದು ಅಳತೆಗೋಲನ್ನು ಮುಂದಿಟ್ಟಿದ್ದರು: ಕ್ರಿಯೆಗೆ ಹಾಕಿದ ಪರಮಾಣುಗಳಲ್ಲಿ ಎಷ್ಟು ನಮಗೆ ಬೇಕಾದ ವಸ್ತುವನ್ನು ಸೇರುತ್ತವೆ? ಈ ಅಳತೆಗೋಲನ್ನು ಯೂರಿಯಾಕ್ಕೆ ಹಿಡಿದರೆ ಕಾಣುವುದು ವಿಚಿತ್ರ ಚಿತ್ರ. ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಯೂರಿಯಾ ಆಗುವ ಸಮೀಕರಣದಲ್ಲಿ ಸಾರಜನಕದ ಒಂದು ಪರಮಾಣುವೂ ನಷ್ಟವಾಗುವುದಿಲ್ಲ. ಪಕ್ಕಕ್ಕೆ ಬೀಳುವುದು ನೀರು ಮಾತ್ರ. ಕಾರ್ಖಾನೆಯಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಹೊಲದಲ್ಲಿ ಅರ್ಧಕ್ಕಿಂತ ಹೆಚ್ಚು ಸೋರುತ್ತದೆ. ಆದ್ದರಿಂದ ಗೊಬ್ಬರದ ದಕ್ಷತೆಯನ್ನು ಚೀಲದಲ್ಲಿ ಅಳೆಯಬಾರದು, ಕಾಳಿನಲ್ಲಿ ಅಳೆಯಬೇಕು ಎಂಬುದು ಈ ಲೇಖನದ ನಿಲುವು. ಹೊಸ ಗೊಬ್ಬರ ಎಷ್ಟು ಜಾಣತನದ್ದಾದರೂ ಸರಿ, ಅದೇ ಇಳುವರಿಯನ್ನು, ಕಾಳಿನಲ್ಲಿ ಅಷ್ಟೇ ಪ್ರೋಟೀನನ್ನು ಕಡಿಮೆ ಸಾರಜನಕದಲ್ಲಿ ಕೊಟ್ಟಾಗ, ಮತ್ತು ರೈತ ನಿಜವಾಗಿಯೂ ಕಡಿಮೆ ಹಾಕಿದಾಗ ಮಾತ್ರ ಅದು ಹಸಿರು.

ಗದ್ದೆಯಲ್ಲಿ ನಡೆಯುವುದು

ನಿಂತ ನೀರಿನ ಗದ್ದೆಗೆ ಒಂದು ಹಿಡಿ ಮೇಲುಗೊಬ್ಬರ ಎರಚಿದಾಗ ಯೂರಿಯಾ ಹರಳು ನಿಮಿಷಗಳಲ್ಲಿ ಕರಗುತ್ತದೆ. ಪೈರು ಅದನ್ನು ಹೀರುವ ಮೊದಲೇ ಯೂರಿಯೇಸ್ ಎಂಬ ಕಿಣ್ವ ಅದರ ಮೇಲೆ ಬೀಳುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಲ್ಲೂ ಗಿಡಗಳಲ್ಲೂ ಧಾರಾಳವಾಗಿರುವ ಈ ಕಿಣ್ವವನ್ನು 1926ರಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನಿಂದ ಬೇರ್ಪಡಿಸಿ ಹರಳುಗಟ್ಟಿಸಿದ್ದರು. ಕಿಣ್ವಗಳು ಪ್ರೋಟೀನುಗಳೆಂದು ತೋರಿಸಿದ ಆ ಕೆಲಸಕ್ಕೆ ಅವರಿಗೆ 1946ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಯೂರಿಯೇಸ್ ಕೆಲವೇ ದಿನಗಳಲ್ಲಿ ಯೂರಿಯಾವನ್ನು ಅಮೋನಿಯಮ್ ಕಾರ್ಬೊನೇಟ್ ಆಗಿ ಒಡೆಯುತ್ತದೆ. ಹಗಲಿನಲ್ಲಿ ಗದ್ದೆಯ ಪಾಚಿ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತಿಗೆ ನೀರಿನ ಪಿಎಚ್ 9ರ ಆಸುಪಾಸಿಗೆ ಏರುತ್ತದೆ. ಅಷ್ಟು ಕ್ಷಾರದಲ್ಲಿ ಅಮೋನಿಯಮ್ ಅನಿಲವಾಗಿ ಎದ್ದು ಹೋಗುತ್ತದೆ. ಬಿಸಿಲು, ಗಾಳಿ ಎರಡೂ ಇದ್ದರೆ ನಷ್ಟ ಇನ್ನೂ ಜಾಸ್ತಿ.

ಉಳಿದ ಅಮೋನಿಯಮ್ ಕೆಸರಿನ ಮೇಲ್ಪದರಕ್ಕೆ ಇಳಿಯುತ್ತದೆ. ಅಲ್ಲಿ ಗಾಳಿ ತಾಗುವ, ಕೆಲವೇ ಮಿಲಿಮೀಟರ್ ದಪ್ಪದ ತೆಳು ಪದರದಲ್ಲಿ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದಿಲ್ಲ. ಅದು ಆಮ್ಲಜನಕವಿಲ್ಲದ ಕೆಳಪದರಕ್ಕೆ ಜಾರಿದ ಕೂಡಲೇ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಸಾರಜನಕ ಅನಿಲವಾಗಿ, ಸ್ವಲ್ಪ ಪಾಲನ್ನು ನೈಟ್ರಸ್ ಆಕ್ಸೈಡ್ ಆಗಿ ಬಿಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ನೈಟ್ರಸ್ ಆಕ್ಸೈಡ್ ಭೂಮಿಯನ್ನು ಸುಮಾರು 273 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ. ಒಣಭೂಮಿಯಲ್ಲಿ ಕಥೆ ತುಸು ಬೇರೆ: ಮೆಕ್ಕೆಜೋಳಕ್ಕೋ ರಾಗಿಗೋ ಹಾಕಿದ ಯೂರಿಯಾದಿಂದಾದ ನೈಟ್ರೇಟ್ ಮಳೆನೀರಿನ ಜೊತೆ ಬೇರಿನ ಆಳ ದಾಟಿ ಕೆಳಗೆ ಇಳಿಯುತ್ತದೆ. ಹೀಗೆ ಸೋರುವ ಬಾಗಿಲು ಒಂದಲ್ಲ, ಕನಿಷ್ಠ ನಾಲ್ಕು. ಒಂದನ್ನು ಮುಚ್ಚಿದರೆ ಇನ್ನೊಂದರ ಮೇಲೆ ಒತ್ತಡ ಬೀಳುತ್ತದೆ. ಮುಂದೆ ನೋಡುವ ಪ್ರತಿಯೊಂದು ಪಂಥದ ಯಶಸ್ಸು, ಸೋಲು ಎರಡಕ್ಕೂ ಇದೇ ಕಾರಣ.

ಗಾಳಿಯಿಂದ ಗೊಬ್ಬರ ಮಾಡಿದ ಕಥೆ

ಗೋಧಿಗೆ ಸಾರಜನಕ ಬೇಕೇ ಬೇಕು ಎಂಬುದನ್ನು ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಜಾನ್ ಲಾಸ್ ಮತ್ತು ಹೆನ್ರಿ ಗಿಲ್ಬರ್ಟ್ 1843ರಲ್ಲಿ ಶುರುಮಾಡಿದ ಹೊಲದ ಪ್ರಯೋಗಗಳು ಖಚಿತಪಡಿಸಿದವು. ಆಗ ಯುರೋಪು ನೆಚ್ಚಿದ್ದು ದಕ್ಷಿಣ ಅಮೆರಿಕದ ಹಕ್ಕಿಹಿಕ್ಕೆಯ ಗ್ವಾನೊ ಮತ್ತು ಚಿಲಿಯ ಉಪ್ಪು. ಇವೆರಡೂ ಮುಗಿದುಹೋಗುತ್ತವೆ, ಗಾಳಿಯ ಸಾರಜನಕವನ್ನು ಹಿಡಿಯದಿದ್ದರೆ ಗೋಧಿ ತಿನ್ನುವ ಜನಕ್ಕೆ ಹಸಿವು ಕಾದಿದೆ ಎಂದು 1898ರಲ್ಲಿ ವಿಲಿಯಂ ಕ್ರೂಕ್ಸ್ ಎಚ್ಚರಿಸಿದರು. 1909ರಲ್ಲಿ ಫ್ರಿಟ್ಜ್ ಹಾಬರ್ ಅದನ್ನು ಪ್ರಯೋಗಶಾಲೆಯಲ್ಲಿ ಹಿಡಿದು ತೋರಿಸಿದರು. ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆಯನ್ನೇ ನಿಲ್ಲಿಸಿದರು. ಇಂದು ಪ್ರಪಂಚದ ಸುಮಾರು ಅರ್ಧ ಜನರ ಊಟ ಈ ವಿಧಾನದ ಮೇಲೆ ನಿಂತಿದೆ ಎಂಬ ಅಂದಾಜಿದೆ. ಸಾರಜನಕ ಗೊಬ್ಬರವನ್ನು ಟೀಕಿಸುವ ಯಾರೂ ಈ ಸಂಗತಿಯನ್ನು ಬದಿಗಿಟ್ಟು ಮಾತಾಡುವಂತಿಲ್ಲ.

ಭಾರತದ ಕಥೆಯಲ್ಲಿ ಕನ್ನಡ ನಾಡಿಗೂ ಜಾಗವಿದೆ. ಸ್ವಾತಂತ್ರ್ಯಕ್ಕೂ ಮೊದಲೇ ಮೈಸೂರಿನ ಬಳಿಯ ಬೆಳಗೊಳದಲ್ಲಿ ಅಮೋನಿಯಮ್ ಸಲ್ಫೇಟ್ ತಯಾರಿಸುವ ಸಣ್ಣ ಕಾರ್ಖಾನೆ ನಡೆದಿತ್ತು. ದೇಶದ ಮೊತ್ತಮೊದಲ ಸಾರಜನಕ ಗೊಬ್ಬರ ಕಾರ್ಖಾನೆಗಳಲ್ಲಿ ಅದೊಂದು. ಆಮೇಲೆ ಕೇರಳದ ಆಲ್ವಾಯಿ, 1951ರಲ್ಲಿ ಸಿಂದ್ರಿ ಬಂದವು. 1961ರಲ್ಲಿ ಪಂಜಾಬಿನ ನಂಗಲ್‌ನಲ್ಲಿ ಭಾಕ್ರಾದ ಜಲವಿದ್ಯುತ್ತಿನಿಂದ ನೀರನ್ನು ಒಡೆದು, ಆ ಜಲಜನಕದಿಂದಲೇ ಅಮೋನಿಯ ಮಾಡಲಾಯಿತು. ಈಗ ಹಸಿರು ಅಮೋನಿಯ ಎಂದು ಹೊಸದಾಗಿ ಸಾರುತ್ತಿರುವುದನ್ನು ಈ ದೇಶ ಅರವತ್ತು ವರ್ಷಗಳ ಹಿಂದೆಯೇ ಮಾಡಿತ್ತು. ಅಗ್ಗದ ನಾಫ್ತಾ, ಅನಿಲಗಳ ಮುಂದೆ ಆ ದಾರಿ ನಿಲ್ಲಲಿಲ್ಲ. ಕರ್ನಾಟಕದ ಏಕೈಕ ಯೂರಿಯಾ ಕಾರ್ಖಾನೆ, ಮಂಗಳೂರಿನ ಪಣಂಬೂರಿನದು, 1970ರ ದಶಕದಲ್ಲಿ ನಾಫ್ತಾದಿಂದ ಶುರುವಾಗಿ, 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆಮಾರ್ಗದ ನೈಸರ್ಗಿಕ ಅನಿಲಕ್ಕೆ ಬದಲಾಯಿತು.

ಹರಳಿಗೆ ಕವಚ, ಕಿಣ್ವಕ್ಕೆ ತಡೆ

ಮೊದಲ ಪಂಥ ಹರಳಿನ ಮೇಲೆ ಕೆಲಸ ಮಾಡುತ್ತದೆ. ಯೂರಿಯಾ ಕರಗುವುದೇ ನಿಧಾನವಾದರೆ ಬೆಳೆ ಬೇಡಿದ ಹೊತ್ತಿಗೆ ಸಿಗುತ್ತದಲ್ಲವೆ? ಅಮೆರಿಕದ ಟೆನೆಸಿ ಕಣಿವೆ ಪ್ರಾಧಿಕಾರ 1960ರ ದಶಕದಲ್ಲಿ ಗಂಧಕ ಲೇಪಿಸಿದ ಯೂರಿಯಾ ಮಾಡಿತು. ಭಾರತದಲ್ಲಿ 2023ರ ಜುಲೈನಲ್ಲಿ ಬಿಡುಗಡೆಯಾದ ಯೂರಿಯಾ ಗೋಲ್ಡ್ ಅದೇ ಕುಲದ್ದು: 37% ಸಾರಜನಕ, 17% ಗಂಧಕ. ಗಂಧಕದ ಕೊರತೆಯಿರುವ ಮಣ್ಣಿಗೆ ಇದರಿಂದ ಎರಡು ಲಾಭ. ಜಪಾನಿನವರು ಇನ್ನೂ ಮುಂದೆ ಹೋಗಿ ಪ್ಲಾಸ್ಟಿಕ್ ಪಾಲಿಮರಿನ ತೆಳು ಕವಚ ತೊಡಿಸಿದರು. ಮಣ್ಣಿನ ಉಷ್ಣತೆಗೆ ತಕ್ಕಂತೆ ದಿನಲೆಕ್ಕ ಹಿಡಿದು ಸಾರಜನಕ ಬಿಡುವ ಈ ಹರಳುಗಳು ಭತ್ತಕ್ಕೆ ಹೇಳಿ ಮಾಡಿಸಿದಂತಿದ್ದವು. ನಾಟಿ ಹೊತ್ತಿಗೆ ಒಮ್ಮೆ ಹಾಕಿದರೆ ಮೇಲುಗೊಬ್ಬರವೇ ಬೇಡ. ಆದರೆ ಸಾರಜನಕ ಖಾಲಿಯಾದ ಮೇಲೆ ಉಳಿಯುವ ಸಿಪ್ಪೆ ಕೊಳೆಯುವುದಿಲ್ಲ. ಗದ್ದೆಯ ನೀರಿನ ಜೊತೆ ಅದು ಹೊಳೆ ಸೇರಿ, ಜಪಾನಿನ ಕಡಲತೀರಗಳಲ್ಲಿ ಸಣ್ಣ ಪ್ಲಾಸ್ಟಿಕ್ ಗುಳ್ಳೆಗಳಾಗಿ ಕಂಡುಬಂತು. ಲೇಪನದ ಪಾಲಿಮರ್ ಮಣ್ಣಿನಲ್ಲಿ ಜೈವಿಕವಾಗಿ ಕರಗಲೇಬೇಕೆಂದು ಯುರೋಪಿಯನ್ ಒಕ್ಕೂಟದ 2019ರ ಗೊಬ್ಬರ ಕಾಯ್ದೆ 2026ರ ಗಡುವು ಇಟ್ಟದ್ದು ಈ ಕಾರಣಕ್ಕೆ. ಪಿಷ್ಟ, ಲಿಗ್ನಿನ್, ಬಯೋಚಾರ್‌ಗಳ ಕವಚದ ಸಂಶೋಧನೆಗೆ ಈಗ ಬಿರುಸು ಬಂದಿದೆ. ಇವು ಕೊಳೆಯುತ್ತವೆ, ಆದರೆ ನೀರನ್ನು ಬೇಗ ಒಳಗೆ ಬಿಡುತ್ತವೆ. ಚೆನ್ನಾಗಿ ತಡೆಯುವುದು ಕೊಳೆಯದು, ಚೆನ್ನಾಗಿ ಕೊಳೆಯುವುದು ತಡೆಯದು ಎಂಬ ತೊಡಕು ಇನ್ನೂ ಬಗೆಹರಿದಿಲ್ಲ.

ಹರಳಿನ ಒಳರಚನೆಯನ್ನೇ ಬದಲಿಸುವ ಪ್ರಯತ್ನ ಇವೆಲ್ಲಕ್ಕಿಂತ ಹೊಸದು, ನನ್ನ ಮಟ್ಟಿಗೆ ಹೆಚ್ಚು ಭರವಸೆಯದೂ ಹೌದು. ಯೂರಿಯಾವನ್ನು ಜಿಪ್ಸಮ್, ಮೆಗ್ನೀಸಿಯಮ್ ಇಲ್ಲವೇ ಸತುವಿನ ಲವಣಗಳ ಜೊತೆ ಗಿರಣಿಯಲ್ಲಿ ಅರೆದರೆ ಎರಡೂ ಸೇರಿ ಒಂದೇ ಸ್ಫಟಿಕವಾಗುತ್ತವೆ. ದ್ರಾವಕ ಬೇಡ, ಹೆಚ್ಚಿನ ಕಾವು ಬೇಡ, ತೊಳೆದು ಚೆಲ್ಲುವ ನೀರಿಲ್ಲ. ಇಂಥ ಜೋಡಿಹರಳು ಬರಿ ಯೂರಿಯಾಕ್ಕಿಂತ ಚೆನ್ನಾಗಿ ತೇವವನ್ನು ತಡೆದುಕೊಳ್ಳುತ್ತದೆ. ಸತು ಸೇರಿದ್ದು ಯೂರಿಯೇಸನ್ನೂ ತಡೆಯುತ್ತದೆ ಎಂದು ಪ್ರಯೋಗಶಾಲೆಯ ಫಲಿತಾಂಶಗಳು ತೋರಿಸಿವೆ. ನಮ್ಮ ಎಷ್ಟೋ ಹೊಲಗಳಿಗೆ ಸತು ಹೇಗೂ ಬೇಕು. ಹಾಗೆಂದು ಗಿರಣಿಯಲ್ಲಿ ಅರೆದ ಕೆಲವು ಗ್ರಾಂ ಪುಡಿಗೂ ಲಕ್ಷಾಂತರ ಟನ್ ಸರಕಿಗೂ ಬಹಳ ಅಂತರವಿದೆ.

ಇದೇ ಪಂಥದ ಇನ್ನೊಂದು ಕವಲು ಸೂಕ್ಷ್ಮಜೀವಿಗಳನ್ನು ಕೆಲವು ವಾರ ಸುಮ್ಮನಿರಿಸುವುದು. ಎನ್‌ಬಿಪಿಟಿ ಎಂಬ ರಾಸಾಯನಿಕ ಯೂರಿಯೇಸನ್ನು ತಡೆದು ಅಮೋನಿಯ ನಷ್ಟವನ್ನು ಸರಾಸರಿ ಅರ್ಧಕ್ಕೆ ಇಳಿಸುತ್ತದೆ. ಜರ್ಮನಿಯಲ್ಲಿ 2020ರಿಂದ ಯೂರಿಯಾಕ್ಕೆ ಇಂಥ ತಡೆಕಾರಕ ಸೇರಿಸಿರಬೇಕು ಅಥವಾ ಎರಚಿದ ಕೂಡಲೇ ಮಣ್ಣಿಗೆ ಬೆರೆಸಬೇಕು. ಅಮೋನಿಯಮ್ ನೈಟ್ರೇಟ್ ಆಗುವುದನ್ನು ತಡೆಯುವವು ಬೇರೆ: 1960ರ ದಶಕದ ನೈಟ್ರಪೈರಿನ್, ಆಮೇಲಿನ ಡಿಸಿಡಿ, ಡಿಎಂಪಿಪಿ. ಇವು ನೈಟ್ರಸ್ ಆಕ್ಸೈಡನ್ನು ಕಡಿಮೆ ಮಾಡುವುದು ಖಚಿತ. ಆದರೆ ಅಮೋನಿಯಮ್ ಹೆಚ್ಚು ದಿನ ಮಣ್ಣಿನ ಮೇಲ್ಪದರದಲ್ಲೇ ನಿಲ್ಲುವುದರಿಂದ ಅಮೋನಿಯ ಅನಿಲದ ನಷ್ಟ ಹೆಚ್ಚಬಹುದು. ಇನ್ನೊಂದು ಎಚ್ಚರಿಕೆ ನ್ಯೂಜಿಲೆಂಡಿನಿಂದ ಬಂತು: ಹುಲ್ಲುಗಾವಲಿಗೆ ಹಾಕಿದ ಡಿಸಿಡಿ 2012ರಲ್ಲಿ ಹಾಲಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಪತ್ತೆಯಾಯಿತು. ಆರೋಗ್ಯಕ್ಕೆ ಅಪಾಯವಿಲ್ಲ ಎಂದರೂ 2013ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು.

ಭಾರತದ ಉತ್ತರ ಬೇವು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರಾಜೇಂದ್ರ ಪ್ರಸಾದ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲೇ ಬೇವಿನ ಹಿಂಡಿ ಬೆರೆಸಿದ ಯೂರಿಯಾ ಭತ್ತಕ್ಕೆ ಹೆಚ್ಚು ದಕ್ಕುತ್ತದೆಂದು ತೋರಿಸಿದರು. ಹೊಂಗೆ ಬೀಜದ ಕರಂಜಿನ್ ಎಂಬ ಅಂಶಕ್ಕೂ ನೈಟ್ರೇಟ್ ಆಗುವುದನ್ನು ತಡೆಯುವ ಗುಣವಿದೆ ಎಂಬುದು ಅದೇ ದಶಕದಲ್ಲಿ ಕೆ.ಎಲ್. ಸಹ್ರಾವತ್ ಮತ್ತಿತರರ ಕೆಲಸದಿಂದ ಗೊತ್ತಾಯಿತು. ಹಳೇ ಮೈಸೂರು ಸೀಮೆಯ ರೈತರು ಹೊಂಗೆ ಹಿಂಡಿಯನ್ನೂ ಹೊಂಗೆ ಸೊಪ್ಪನ್ನೂ ಹೊಲಕ್ಕೆ ಹಾಕುತ್ತ ಬಂದಿದ್ದಾರೆ. ಆ ರೂಢಿಗೆ ಇದು ರಾಸಾಯನಿಕ ಸಮರ್ಥನೆ. 2015ರಿಂದ ದೇಶದಲ್ಲಿ ಮಾರುವ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಲೇಪನ ಕಡ್ಡಾಯವಾಯಿತು. ಪ್ಲೈವುಡ್ ಅಂಟು ಮುಂತಾದ ಕೈಗಾರಿಕೆಗಳಿಗೆ ರೈತರ ಯೂರಿಯಾ ಕದ್ದು ಸಾಗುವುದನ್ನು ತಡೆಯಲು ಇದು ನೆರವಾಯಿತೆಂದು ಒಪ್ಪಬಹುದು. ಸಾರಜನಕ ಉಳಿಸಿತೆ ಎಂಬುದೇ ಪ್ರಶ್ನೆ. ಹಳೆಯ ಪ್ರಯೋಗಗಳಲ್ಲಿ ಯೂರಿಯಾದ ತೂಕದ ಐದನೇ ಒಂದರಷ್ಟು ಹಿಂಡಿ ಬಳಸಿದ್ದರು. ಕಡ್ಡಾಯ ಲೇಪನದಲ್ಲಿ ಇರಬೇಕಾದ ಕನಿಷ್ಠ ಎಣ್ಣೆ ಹತ್ತು ಲಕ್ಷದಲ್ಲಿ 350 ಭಾಗ, ಅಂದರೆ ಒಂದು ಚೀಲಕ್ಕೆ ಸುಮಾರು 16 ಗ್ರಾಂ. ಇಳುವರಿ ಹೆಚ್ಚಿತು, ಖರ್ಚು ತಗ್ಗಿತು ಎಂದು ರೈತರ ಹೇಳಿಕೆ ಆಧರಿಸಿದ ಸಮೀಕ್ಷೆಗಳು ವರದಿ ಮಾಡಿವೆ. ದೇಶದ ಒಟ್ಟು ಲೆಕ್ಕ ಬೇರೆ ಹೇಳುತ್ತದೆ. ಲೇಪನ ಕಡ್ಡಾಯವಾದ ಮೇಲೆ ಒಂದೆರಡು ವರ್ಷ ಯೂರಿಯಾ ಬಳಕೆ ವರ್ಷಕ್ಕೆ 3 ಕೋಟಿ ಟನ್‌ಗಿಂತ ತುಸು ಕೆಳಗಿಳಿಯಿತು. 2018ರಲ್ಲಿ ಚೀಲವನ್ನು 50 ಕಿಲೋದಿಂದ 45ಕ್ಕೆ ಇಳಿಸಲಾಯಿತು. ಆದರೂ 2023–24ರ ಹೊತ್ತಿಗೆ ಬಳಕೆ 3.5 ಕೋಟಿ ಟನ್ ದಾಟಿತ್ತು.

ನ್ಯಾನೊ ಬಾಟಲಿ

2021ರಲ್ಲಿ ಇಫ್ಕೊ ಗುಜರಾತಿನ ಕಲೋಲ್‌ನಿಂದ ಬಿಡುಗಡೆ ಮಾಡಿದ ದ್ರವ ನ್ಯಾನೊ ಯೂರಿಯಾದ ವಾದ ಬೇರೆ: ಮಣ್ಣಿನ ಗೊಡವೆಯೇ ಬೇಡ, ಎಲೆಯ ಮೂಲಕ ಕೊಡೋಣ. ಅರ್ಧ ಲೀಟರಿನ ಒಂದು ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮ ಎಂಬ ಪ್ರಚಾರ ಹಳ್ಳಿಹಳ್ಳಿ ತಲುಪಿತು. ಲೆಕ್ಕ ಸರಳ. ಮೊದಲು ಬಂದ ಬಾಟಲಿಯಲ್ಲಿ ಸಾರಜನಕ 4%, ಅಂದರೆ ಸುಮಾರು 20 ಗ್ರಾಂ, ಚೀಲದಲ್ಲಿ 20.7 ಕಿಲೋ. ಎಕರೆಗೆ 20 ಕ್ವಿಂಟಲ್ ಭತ್ತ ಬಂದರೆ ಕಾಳಿನ ಜೊತೆಗೇ 20 ಕಿಲೋಗೂ ಹೆಚ್ಚು ಸಾರಜನಕ ಹೊಲದಿಂದ ಆಚೆ ಹೋಗುತ್ತದೆ. ಬಾಟಲಿಯ ಪ್ರತಿಯೊಂದು ಪರಮಾಣುವನ್ನು ಎಲೆ ಹೀರಿಕೊಂಡರೂ ಈ ಕಂದಕ ತುಂಬುವುದಿಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಫ್ರ್ಯಾಂಕ್ ಮತ್ತು ಸೋರೆನ್ ಹುಸ್ಟೆಡ್ ಈ ಸಮೀಕರಣವನ್ನು ವಿಜ್ಞಾನ ಪತ್ರಿಕೆಯಲ್ಲಿ ನೇರವಾಗಿ ಪ್ರಶ್ನಿಸಿದರು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಅರ್ಧ ಯೂರಿಯಾ ಬಿಟ್ಟು ನ್ಯಾನೊ ಸಿಂಪಡಿಸಿದಾಗ, ಪೂರ್ತಿ ಶಿಫಾರಸು ಪಡೆದ ಬೆಳೆಗಿಂತ ಭತ್ತದ ಇಳುವರಿ ಸುಮಾರು 13%, ಗೋಧಿಯದು 21% ಕುಸಿಯಿತು. ಕಾಳಿನ ಸಾರಜನಕವೂ ತಗ್ಗಿತು.

ಇಳುವರಿ ತಗ್ಗದ ಹೊಲಗಳ ವರದಿಗಳೂ ಇವೆಯಲ್ಲ ಎಂದು ನ್ಯಾನೊ ಪರ ವಾದಿಸುವವರು ಕೇಳುತ್ತಾರೆ. ಇವೆ, ಅದಕ್ಕೆ ಕಾರಣವನ್ನೂ ಹೇಳಬಹುದು. ಮೊದಲಿನಿಂದ ಅತಿಯಾಗಿ ಯೂರಿಯಾ ಉಂಡ ಮಣ್ಣಿನಲ್ಲಿ ಒಂದೆರಡು ಹಂಗಾಮು ಅರ್ಧ ಕಡಿಮೆ ಕೊಟ್ಟರೂ ಬೆಳೆ ಕುಗ್ಗುವುದಿಲ್ಲ. ಆ ಹೊಲದಲ್ಲಿ ಬರಿ ನೀರು ಸಿಂಪಡಿಸಿದ ಒಂದು ತಾಕನ್ನೂ ಇಟ್ಟಿದ್ದರೆ ಮಾತ್ರ ಶ್ರೇಯ ಯಾರದೆಂದು ಹೇಳಬಹುದು. 2024ರಲ್ಲಿ ಬಾಟಲಿಯ ಸಾರಜನಕವನ್ನು 20%ಗೆ ಏರಿಸಿದರು. ಆಗಲೂ ಅದು ಸುಮಾರು 100 ಗ್ರಾಂ. ಇದರಿಂದ ನ್ಯಾನೊ ವಿಜ್ಞಾನವೇ ಪೊಳ್ಳೆಂದು ಹೇಳುವುದು ಅನ್ಯಾಯ. ಶ್ರೀಲಂಕಾದ ನಿಲ್ವಾಲಾ ಕೊಟ್ಟೆಗೋಡ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದ ಗೊಬ್ಬರದಲ್ಲಿ ಯೂರಿಯಾವೇ ಕಿಲೋಗಟ್ಟಲೆ ಇರುತ್ತದೆ. ಹೈಡ್ರಾಕ್ಸಿಅಪಟೈಟ್‌ನ ನ್ಯಾನೊ ಕಣಗಳು ಅದನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಅಲ್ಲಿ ನ್ಯಾನೊ ಕಣ ಸಾರಜನಕವನ್ನು ಕಾಯುವ ಕೆಲಸ ಮಾಡುತ್ತದೆ, ಸಾರಜನಕದ ಜಾಗದಲ್ಲಿ ತಾನೇ ನಿಲ್ಲುವುದಿಲ್ಲ.

ಬೇರಿನ ರಸಾಯನ

ಮೂರನೆಯ ಪಂಥ ಗೊಬ್ಬರವನ್ನು ಬಿಟ್ಟು ಗಿಡವನ್ನು ನೋಡುತ್ತದೆ. ಜಪಾನಿನ ಜಿರ್ಕಾಸ್ ಸಂಸ್ಥೆಯ ಜಿ.ವಿ. ಸುಬ್ಬರಾವ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಬ್ರೇಕಿಯಾರಿಯ ಹುಲ್ಲಿನ ಬೇರು ಸ್ರವಿಸುವ ಒಂದು ರಾಸಾಯನಿಕ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂದು ತೋರಿಸಿದರು. ಉತ್ತರ ಕರ್ನಾಟಕದ ಊಟದ ಆಧಾರವಾದ ಜೋಳದ ಬೇರಿನಲ್ಲೂ ಸೋರ್ಗೋಲಿಯೋನ್ ಎಂಬ ಇಂಥದೇ ಸ್ರಾವವಿದೆ. 2021ರಲ್ಲಿ ಅವರೇ ಒಂದು ಕಾಡುಹುಲ್ಲಿನ ವರ್ಣತಂತುವಿನ ತುಂಡನ್ನು ಗೋಧಿಗೆ ಸೇರಿಸಿ, ಕಡಿಮೆ ಸಾರಜನಕದಲ್ಲೂ ಇಳುವರಿ ಬಿಡದ ತಳಿಯನ್ನು ವರದಿ ಮಾಡಿದರು. ಹಾಲಿಗೆ ಸೇರುವ ಭಯವಿಲ್ಲ, ಲೇಪಿಸುವ ಖರ್ಚಿಲ್ಲ, ಬೇಕಾದ ಜಾಗದಲ್ಲೇ ಅಂದರೆ ಬೇರಿನ ಸುತ್ತಲೇ ಕೆಲಸ. ಹಸಿರು ರಸಾಯನದ ಸೂತ್ರಗಳಿಗೆ ಇದಕ್ಕಿಂತ ಹತ್ತಿರದ್ದು ಬೇರೆ ಕಾಣುವುದಿಲ್ಲ. ಜೋಳದ ಯಾವ ತಳಿ ಎಷ್ಟು ಸ್ರವಿಸುತ್ತದೆ, ಎರೆಮಣ್ಣಿನಲ್ಲಿ ಅದು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ವಿಜಯಪುರ, ಕಲಬುರಗಿಯ ಹೊಲಗಳಲ್ಲಿ ಅಳೆಯುವುದು ಕಷ್ಟದ ಕೆಲಸವೇನಲ್ಲ.

ರಾಸಾಯನಿಕ ಗೊಬ್ಬರವೇ ಬೇಡ, ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಸಾಕು ಎನ್ನುವವರ ವಾದವನ್ನೂ ಇಲ್ಲೇ ಎದುರಿಸಬೇಕು. ತೊಗರಿ, ಹುರುಳಿ, ಅವರೆಗಳು ಗಾಳಿಯ ಸಾರಜನಕ ಹಿಡಿಯುತ್ತವೆ; ರಾಗಿ ಹೊಲದ ಅಕ್ಕಡಿ ಸಾಲು ಅದನ್ನು ಬಳಸಿಕೊಂಡ ಜಾಣ ಪದ್ಧತಿ, ಅದನ್ನು ಕೈಬಿಟ್ಟದ್ದು ನಷ್ಟ. ಆದರೆ ಕೊಟ್ಟಿಗೆ ಗೊಬ್ಬರದ ಸಾರಜನಕವೂ ಅದೇ ಬ್ಯಾಕ್ಟೀರಿಯಾಗಳ ಕೈಯಲ್ಲಿ ಅದೇ ನೈಟ್ರೇಟ್ ಆಗುತ್ತದೆ, ಅದೇ ದಾರಿಯಲ್ಲಿ ಸೋರುತ್ತದೆ. ಪ್ರಮಾಣದ ಪ್ರಶ್ನೆಯೂ ಇದೆ. 2021ರಲ್ಲಿ ಶ್ರೀಲಂಕಾ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಲ್ಲಿಸಿ, ಭತ್ತ ಮತ್ತು ಚಹಾದ ಇಳುವರಿ ಬಿದ್ದು, ಅದೇ ವರ್ಷದ ನವೆಂಬರ್‌ನಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು.

ಕಾರ್ಖಾನೆ ಹಸಿರಾದರೆ

ಅಮೋನಿಯ ತಯಾರಿಕೆ ಪ್ರಪಂಚದ ಒಟ್ಟು ಇಂಧನದ ಸುಮಾರು 2% ಬಳಸಿ, ವರ್ಷಕ್ಕೆ 45 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 2023ರ ಜನವರಿಯಲ್ಲಿ ಭಾರತ ಒಪ್ಪಿದ ಹಸಿರು ಜಲಜನಕ ಮಿಷನ್ ಇದಕ್ಕೆ ಉತ್ತರ ಹುಡುಕುತ್ತಿದೆ: ಸೌರ, ಪವನ ವಿದ್ಯುತ್ತಿನಿಂದ ನೀರನ್ನು ಒಡೆದು, ಉಳಿದದ್ದನ್ನು ಹಾಬರ್ ದಾರಿಯಲ್ಲೇ ಮಾಡುವುದು. ಇಲ್ಲಿ ಹೆಚ್ಚು ಚರ್ಚೆಯಾಗದ ಒಂದು ತೊಡಕಿದೆ. ಒಂದು ಟನ್ ಯೂರಿಯಾಕ್ಕೆ 0.57 ಟನ್ ಅಮೋನಿಯದ ಜೊತೆ 0.73 ಟನ್ ಇಂಗಾಲದ ಡೈಆಕ್ಸೈಡ್ ಬೇಕು. ಈಗ ಅದು ನೈಸರ್ಗಿಕ ಅನಿಲದಿಂದ ಪುಕ್ಕಟೆ ಸಿಗುತ್ತದೆ. ಹಸಿರು ಅಮೋನಿಯದ ಕಾರ್ಖಾನೆಯಲ್ಲಿ ಸಿಗುವುದಿಲ್ಲ. ಸಿಮೆಂಟ್ ಕಾರ್ಖಾನೆಯದನ್ನೋ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯದನ್ನೋ ಹಿಡಿದು ತಂದರೂ, ಯೂರಿಯಾ ಹೊಲದಲ್ಲಿ ಒಡೆದಾಗ ಅಷ್ಟೂ ಗಾಳಿಗೆ ಮರಳುತ್ತದೆ. ಆದ್ದರಿಂದ ಹಸಿರು ಅಮೋನಿಯಕ್ಕೆ ಸಹಜವಾದ ಜೋಡಿ ಅಮೋನಿಯಮ್ ಸಲ್ಫೇಟ್, ಡಿಎಪಿಯಂಥ ಗೊಬ್ಬರಗಳು. ಯೂರಿಯಾಕ್ಕೇ ಅಂಟಿಕೊಂಡ ನಮ್ಮ ವ್ಯವಸ್ಥೆಗೆ ಅದು ಸುಲಭವಾಗಿ ಹೊಂದುವುದಿಲ್ಲ.

ಹಾಬರ್ ದಾರಿಯನ್ನೇ ಬಿಟ್ಟು, ಸಾಮಾನ್ಯ ಉಷ್ಣತೆಯಲ್ಲಿ ವಿದ್ಯುತ್ತಿನಿಂದ ಸಾರಜನಕ ಹಿಡಿಯುವ ಕನಸಿನ ಬಗ್ಗೆ ಒಂದು ಮಾತು. ಹತ್ತಾರು ಪ್ರಯೋಗಶಾಲೆಗಳು ಯಶಸ್ಸು ಸಾರಿದವು. 2019ರಲ್ಲಿ ಸಾರಜನಕ-15 ಐಸೊಟೋಪ್ ಬಳಸಿ ಪರೀಕ್ಷಿಸುವ ಕಟ್ಟುನಿಟ್ಟಿನ ವಿಧಾನ ಪ್ರಕಟವಾದಾಗ, ಅಳೆದ ಅಮೋನಿಯ ಎಷ್ಟೋ ಕಡೆ ಗಾಳಿಯಿಂದಲೋ ಪಾತ್ರೆಯ ಕಲ್ಮಶದಿಂದಲೋ ಬಂದಿರಬಹುದೆಂದು ಗೊತ್ತಾಯಿತು. ಲಿಥಿಯಮ್ ಬಳಸುವ ವಿಧಾನ ಈ ಪರೀಕ್ಷೆಯಲ್ಲಿ ನಿಂತಿತು, ಹಲವು ನಿಲ್ಲಲಿಲ್ಲ.

ಇಡುವ ಜಾಗ, ಕೊಡುವ ಬೆಲೆ

ಹೊಸ ಅಣುವನ್ನೇ ಹುಡುಕದ ಪಂಥ ಇನ್ನೊಂದಿದೆ. ಈವರೆಗೆ ಹೊಲದಲ್ಲಿ ಗಟ್ಟಿ ಫಲ ಕೊಟ್ಟಿರುವುದು ಅದೇ. ಯೂರಿಯಾವನ್ನು ಎರಡು ಗ್ರಾಂ ಆಸುಪಾಸಿನ ಗುಂಡಿಗಳಾಗಿ ಒತ್ತಿ, ನಾಟಿಯಾದ ನಾಲ್ಕು ಬುಡಗಳ ನಡುವೆ ಕೆಸರಿನಲ್ಲಿ ಏಳೆಂಟು ಸೆಂಟಿಮೀಟರ್ ಆಳಕ್ಕೆ ಇಟ್ಟರೆ, ಅಮೋನಿಯಮ್ ಗಾಳಿ ತಾಗುವ ಮೇಲ್ಪದರಕ್ಕೆ ಬರುವುದೇ ಇಲ್ಲ. ಬಾಂಗ್ಲಾದೇಶದಲ್ಲಿ ಗುಟಿ ಯೂರಿಯಾ ಎಂದು ಹರಡಿದ ಈ ಪದ್ಧತಿಯಿಂದ ಸುಮಾರು ಮೂರನೇ ಒಂದು ಭಾಗ ಯೂರಿಯಾ ಉಳಿದು, ಇಳುವರಿಯೂ ಹೆಚ್ಚಿತು. ಎಲೆಯ ಹಸಿರನ್ನು ಬಣ್ಣದ ಪಟ್ಟಿಗೆ ಹಿಡಿದು ನೋಡಿ, ಬೇಕಾದಾಗ ಮಾತ್ರ ಮೇಲುಗೊಬ್ಬರ ಕೊಡುವ ಕ್ರಮವೂ ಹೀಗೆಯೇ ಸರಳ. ತೊಡಕು ಬೆನ್ನು ಬಗ್ಗಿಸುವ ಕೆಲಸದ್ದು. ಆಳು ಸಿಗದ, ಕೂಲಿ ದುಬಾರಿಯಾದ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಕರೆಗಟ್ಟಲೆ ಗುಂಡಿ ಊರುವವರು ಯಾರು? ಉತ್ತರ ಸಣ್ಣ ಯಂತ್ರದಲ್ಲಿದೆ. ಅದಕ್ಕೆ ಹೊಸ ಲೇಪನಗಳಿಗೆ ಸಿಕ್ಕಷ್ಟು ಗಮನ, ಹಣ ಸಿಕ್ಕಿಲ್ಲ.

ಅದಕ್ಕೂ ಮುಖ್ಯವಾದದ್ದು ಬೆಲೆ. 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ. ಒಂದು ಕಿಲೋ ಸಾರಜನಕಕ್ಕೆ ಸುಮಾರು 13 ರೂಪಾಯಿ. 2025–26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕಿಲೋಗೆ 23 ರೂಪಾಯಿ 69 ಪೈಸೆ. ಒಂದು ಕಿಲೋ ಸಾರಜನಕ ಉಳಿಸಿದರೆ ರೈತನಿಗೆ ಸಿಗುವುದು ಅರ್ಧ ಕಿಲೋ ಭತ್ತದ ಬೆಲೆಗಿಂತ ತುಸು ಹೆಚ್ಚು. ಕಡಿಮೆ ಹಾಕಿ ಇಳುವರಿ ಬಿದ್ದರೆ ಹೋಗುವುದು ಕ್ವಿಂಟಲ್‌ಗಟ್ಟಲೆ. ಈ ಲೆಕ್ಕದಲ್ಲಿ ಯಾವ ವಿವೇಕಿಯೂ ಒಂದು ಹಿಡಿ ಹೆಚ್ಚಿಗೇ ಎರಚುತ್ತಾನೆ. ಅದು ಅಜ್ಞಾನವಲ್ಲ, ವಿಮೆ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ರಂಜಕ, ಪೊಟ್ಯಾಷ್‌ಗಳ ಬೆಲೆ ಏರಿತು. ಯೂರಿಯಾ ಹೊರಗುಳಿದು ಇನ್ನಷ್ಟು ಅಗ್ಗವಾಗಿ ಕಂಡಿತು. ಪೋಲು ತಡೆಯುವ ಗೊಬ್ಬರ ಇಂಥ ಬೆಲೆಯ ಮುಂದೆ ಗೆಲ್ಲುವುದಿಲ್ಲ. ಗೆದ್ದರೂ ಅದು ಉಳಿಸಿದ ಸಾರಜನಕದಷ್ಟು ಪ್ರಮಾಣ ಇಳಿಯುವುದಿಲ್ಲ. ಬೇವು ಲೇಪನದ ನಂತರ ನಡೆದದ್ದು ಇದೇ ಎಂದು ನಾನು ತಿಳಿದಿದ್ದೇನೆ.

ಬೆಲೆ ಏರಿಸಿದರೆ ಸಣ್ಣ ರೈತ ಸಾಯುತ್ತಾನೆ ಎಂಬ ಆಕ್ಷೇಪ ಭಾವುಕತೆಯ ಮಾತಲ್ಲ; ಅದರಲ್ಲಿ ನಿಜವಿದೆ. ಆದರೆ 2022–23ರಲ್ಲಿ ದೇಶ ಎಲ್ಲ ಗೊಬ್ಬರಗಳಿಗೆ ಕೊಟ್ಟ ಸಬ್ಸಿಡಿ ಸುಮಾರು 2.5 ಲಕ್ಷ ಕೋಟಿ ರೂಪಾಯಿ. ಆ ಹಣವನ್ನು ರೈತನಿಂದ ಕಿತ್ತುಕೊಳ್ಳದೆ, ಹಿಡುವಳಿಯ ಲೆಕ್ಕದಲ್ಲಿ ನೇರವಾಗಿ ಅವನ ಕೈಗೆ ಕೊಟ್ಟು, ಯಾವ ಗೊಬ್ಬರ ಎಷ್ಟು ಎಂಬುದನ್ನು ಅವನಿಗೇ ಬಿಟ್ಟರೆ ಉಳಿತಾಯಕ್ಕೆ ಬೆಲೆ ಬರುತ್ತದೆ. ಗೇಣಿದಾರರನ್ನು ಅದರೊಳಗೆ ತರುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಈ ಬದಲಾವಣೆಯನ್ನು ಅವಸರದಲ್ಲಿ ಮಾಡಬಾರದು ಎಂಬುದನ್ನೂ ಒಪ್ಪಬೇಕು.

ತೀರ್ಮಾನವಾಗದೆ ಉಳಿದವು

ದಕ್ಷತೆಯ ಅಳತೆಯೇ ಇನ್ನೂ ವಿವಾದದಲ್ಲಿದೆ. ಫ್ರಾನ್ಸಿನಲ್ಲಿ 1982ರಲ್ಲಿ ಸಾರಜನಕ-15 ಗುರುತು ಹಾಕಿದ ಗೊಬ್ಬರವನ್ನು ಒಮ್ಮೆ ಹಾಕಿ ಮೂರು ದಶಕ ಬೆನ್ನುಹತ್ತಿದ ಅಧ್ಯಯನದಲ್ಲಿ, ಬೆಳೆಗಳು ಒಟ್ಟು 61ರಿಂದ 65% ಹೀರಿದ್ದವು. 12ರಿಂದ 15% ಇನ್ನೂ ಮಣ್ಣಿನಲ್ಲಿತ್ತು. ಅಂತರ್ಜಲದತ್ತ ಸೋರುವುದು ಇನ್ನೂ ನಿಂತಿರಲಿಲ್ಲ. ಒಂದು ಹಂಗಾಮಿನ ಪ್ರಯೋಗ ನಷ್ಟವೆಂದು ಕಂಡದ್ದರಲ್ಲಿ ಸ್ವಲ್ಪ ಮುಂದಿನ ಬೆಳೆಗೆ ದಕ್ಕುತ್ತದೆ, ಲಾಭವೆಂದು ಕಂಡದ್ದರಲ್ಲಿ ಸ್ವಲ್ಪ ಮಣ್ಣಿನ ಹಳೆಯ ಗಂಟನ್ನು ಕರಗಿಸಿದ್ದಾಗಿರುತ್ತದೆ. ನಮ್ಮ ಬಿಸಿ ಮಣ್ಣುಗಳಲ್ಲಿ ಈ ಲೆಕ್ಕ ಹೇಗೆ ಬದಲಾಗುತ್ತದೆ, ತಡೆಕಾರಕಗಳನ್ನು ದಶಕಗಟ್ಟಲೆ ಹಾಕಿದರೆ ಮಣ್ಣಿನ ಜೀವಿಗಳು ಏನಾಗುತ್ತವೆ, ಬೇರಿನ ಸ್ರಾವದ ತಳಿಗಳು ಬಿತ್ತನೆ ಬೀಜದ ಅಂಗಡಿಗೆ ಬಂದಾಗಲೂ ಆ ಗುಣ ಉಳಿಸಿಕೊಳ್ಳುತ್ತವೆಯೆ, ಯೂರಿಯಾ ಬಿಟ್ಟು ಬೇರೆ ಗೊಬ್ಬರಕ್ಕೆ ದೇಶ ಹೊರಳಬಲ್ಲದೆ: ಯಾವುದಕ್ಕೂ ಒಮ್ಮತದ ಉತ್ತರವಿಲ್ಲ.

ಕರ್ನಾಟಕಕ್ಕೆ ಇವೆಲ್ಲಕ್ಕಿಂತ ತುರ್ತಿನದು ಇನ್ನೊಂದಿದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ, ರಾಜ್ಯದಲ್ಲಿ ಪರೀಕ್ಷಿಸಿದ ನೀರಿನ ಮಾದರಿಗಳ ಪೈಕಿ ಹೆಚ್ಚುಕಡಿಮೆ ಅರ್ಧದಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿ ದಾಟಿತ್ತು. ದೇಶದಲ್ಲಿ ರಾಜಸ್ಥಾನ ಬಿಟ್ಟರೆ ಇದೇ ಅತಿ ಹೆಚ್ಚು. ಅದರಲ್ಲಿ ಯೂರಿಯಾದ ಪಾಲೆಷ್ಟು, ಶೌಚಗುಂಡಿ ಮತ್ತು ಚರಂಡಿಯ ಪಾಲೆಷ್ಟು ಎಂದು ಬಿಡಿಸದೆ ಯಾವ ಗೊಬ್ಬರವನ್ನೂ ದೂರಲಾಗದು, ಹೊಗಳಲೂ ಆಗದು. ನೈಟ್ರೇಟ್‌ನಲ್ಲಿನ ಸಾರಜನಕ ಮತ್ತು ಆಮ್ಲಜನಕದ ಐಸೊಟೋಪ್‌ಗಳನ್ನು ಅಳೆದರೆ ಮೂಲದ ಸುಳಿವು ಸಿಗುತ್ತದೆ; ವಿಧಾನ ಹೊಸದಲ್ಲ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳು ಈ ಕೆಲಸವನ್ನು ತಾಲ್ಲೂಕುವಾರು ಕೈಗೆತ್ತಿಕೊಳ್ಳಬೇಕು. ಹಾಗೆಯೇ ಅಂಗಡಿಗೆ ಬರುವ ಪ್ರತಿಯೊಂದು ಹೊಸ ಸಾರಜನಕ ಗೊಬ್ಬರವನ್ನು ಕನಿಷ್ಠ ಮೂರು ಹಂಗಾಮು, ಕಡಿಮೆ ಪ್ರಮಾಣದಲ್ಲಿ, ಬರಿ ನೀರಿನ ತಾಕಿನ ಪಕ್ಕದಲ್ಲೇ ಪರೀಕ್ಷಿಸಿ, ಕಾಳಿನ ಸಾರಜನಕದ ಅಂಕಿಗಳನ್ನು ಕನ್ನಡದಲ್ಲಿ ರೈತರ ಮುಂದಿಡಬೇಕು.